ಕೋಳಿ ಬೇಯದ ಹೋಟೆಲು

ಓಬಳಪ್ಪಣ್ಣನ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ದುಡಿದವನು ನಾನು, ರಾಮಾಂಜನೇಯ. ಅವನು ಡ್ರೈವರು, ನಾನು ಕಂಡಕ್ಟರು. ಚಳ್ಳಕೆರೆಯಿಂದ ಬೆಂಗಳೂರಿಗೆ ಹೋಗುವುದು, ಅಲ್ಲೇ ತಂಗುವುದು, ಮರುದಿನ ವಾಪಸ್ಸು ಬರುವುದು, ಇಷ್ಟೇ ನಮ್ಮ ಬದುಕು. ಇಷ್ಟು ವರ್ಷ ಒಬ್ಬ ಮನುಷ್ಯನ ಬೆನ್ನು ನೋಡಿಕೊಂಡು ಕೂತವನಿಗೆ ಅವನ ಹೊಟ್ಟೆಯೊಳಗಿನದೆಲ್ಲ ಗೊತ್ತಿರುತ್ತದೆ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ. ಹೋದ ವರ್ಷ ಅವನು ನಿವೃತ್ತನಾದ ಮೇಲೆ ಆ ಜಂಬ ಇಳಿಯಿತು.

ಓಬಳಪ್ಪಣ್ಣ ನಾಯಕನಹಟ್ಟಿ ಕಡೆಯವನು, ಮ್ಯಾಸನಾಯಕರ ಹಟ್ಟಿಯಲ್ಲಿ ಹುಟ್ಟಿದವನು. ಅವರ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ಕೊಯ್ಯುವುದಿಲ್ಲ, ತಿನ್ನುವುದಿಲ್ಲ. ಮೊಟ್ಟೆಯೂ ಇಲ್ಲ. ಕುರಿ, ಮೇಕೆಗೆ ಅಡ್ಡಿಯಿಲ್ಲ, ಹಬ್ಬ ಬಂದರೆ ಭರ್ಜರಿಯಾಗಿಯೇ ಉಣ್ಣುತ್ತಾರೆ. ಈಗಿನ ಹುಡುಗರು ಊರು ದಾಟಿದ ಮೇಲೆ ಏನು ತಿನ್ನುತ್ತಾರೋ ಕೇಳಿದವರಿಲ್ಲ, ಆದರೆ ಓಬಳಪ್ಪಣ್ಣ ಹಳೇ ಪೈಕಿ. ಕೋಳಿ ಬೇಯಿಸಿದ ಪಾತ್ರೆಯಲ್ಲಿ ಕಾಯಿಸಿದ ಹಾಲನ್ನೂ ಮುಟ್ಟದವನು. ಹೀಗಾಗಿ ದಾರಿಯ ಯಾವ ಹೋಟೆಲಿನಲ್ಲೂ ಅವನು ಊಟಕ್ಕೆ ಕೂತದ್ದನ್ನು ನಾನು ಕಾಣೆ. ಅವನ ಹೆಂಡತಿ ತಿಪ್ಪೇರುದ್ರಮ್ಮತ್ತಿಗೆ ಎರಡು ಹೊತ್ತಿಗಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದಳು. ನಾನೋ ಮೊಳಕಾಲ್ಮೂರಿನ ನೇಕಾರರ ಪೈಕಿ, ಕೋಳಿ ಎಂದರೆ ಪ್ರಾಣ. ಆದರೂ ಅವನ ಪಕ್ಕ ಕೂತು ತಿನ್ನಲು ಧೈರ್ಯ ಸಾಲದೆ ಹನ್ನೊಂದು ವರ್ಷ ದಾರಿಯುದ್ದಕ್ಕೂ ಅನ್ನ ಸಾರಿನಲ್ಲೇ ಕಳೆದೆ. ಆ ಸಂಕಟ ನನ್ನದು, ಇರಲಿ.

ನಿವೃತ್ತಿಯ ದಿನ ಡಿಪೋದಲ್ಲಿ ಶಾಲು, ಹಾರ, ಭಾಷಣ ಎಲ್ಲ ಆಯಿತು. ಮೂರನೇ ದಿನ ಓಬಳಪ್ಪಣ್ಣ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತ. ಅವನಿಗೆಂದೇ ಬೇರೆ ಇಟ್ಟ ಪಾತ್ರೆಯಲ್ಲಿ ಕಾಯಿಸಿದ ಟೀ ಕೊಟ್ಟರೂ ಕುಡಿಯಲಿಲ್ಲ. ಲೋಟ ತಿರುಗಿಸುತ್ತ ಕೂತೇ ಇದ್ದ. ಪಿಂಚಣಿಯ ತಾಪತ್ರಯವೇನೋ ಎಂದುಕೊಂಡು ನಾನೇ ಬಾಯಿಬಿಟ್ಟು ಕೇಳಿದೆ.

"ಲೇ ರಾಮ, ಅವಳನ್ನ ಬೆಂಗ್ಳೂರಿಗೆ ಕರ್ಕಂಡು ಹೋಗ್ಬೇಕು ಕಣಲೇ. ಒಳ್ಳೇ ಹೋಟ್ಲಾಗೆ ಇಳಿಸ್ಬೇಕು. ಕುರಿ ಸಾರು, ಮುದ್ದೆ ಉಣ್ಣಿಸ್ಬೇಕು. ಅವಳು ಮಾಡಿದ್ದಲ್ಲ, ಬ್ಯಾರೆಯೋರು ಮಾಡಿದ್ದು. ಅವಳು ಸುಮ್ನೆ ಕೂತು ಉಣ್ಬೇಕು."

ಇಷ್ಟೇನಾ ಎಂದು ನಕ್ಕೆ. ಅವನು ನಗಲಿಲ್ಲ. ಆಮೇಲೆ ಒಂದೊಂದೇ ಹೇಳಿದ. ಮದುವೆಯಾಗಿ ಮೂವತ್ನಾಲ್ಕು ವರ್ಷವಂತೆ. ಡ್ಯೂಟಿಯ ದಿನ ಬೆಳಗಿನ ಮೂರು ಗಂಟೆಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ನೆಂಟರ ಮನೆ ಮದುವೆಗೆ ಹೋದರೂ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ಕೂರುವ ಹೆಂಗಸು. ಹಬ್ಬದ ದಿನ ಮಟನ್ ಸಾರು ಮಾಡಿ, ಗಂಡಸರಿಗೆ, ಮಕ್ಕಳಿಗೆ, ಬಂದವರಿಗೆ ಬಡಿಸಿ, ಕಡೆಗೆ ಅವಳು ಕೂರುವ ಹೊತ್ತಿಗೆ ತಪ್ಪಲೆಯಲ್ಲಿ ಉಳಿಯುವುದು ಮೂಳೆ ಮತ್ತು ತಿಳಿ. ಇದನ್ನು ತಾನು ಗಮನಿಸಿದ್ದೇ ನಿವೃತ್ತನಾಗಿ ಮನೆಯಲ್ಲಿ ಕೂತ ಈ ಮೂರು ದಿನದಲ್ಲಿ ಎಂದ. ನಮ್ಮ ಮನೆಯ ತಪ್ಪಲೆಯಲ್ಲಿ ಏನು ಉಳಿಯುತ್ತದೆ ಎಂದು ನಾನೂ ನೋಡಿದವನಲ್ಲ.

ಈಗ ತೊಡಕು ನೋಡಿ. ಕೋಳಿ ಬೇಯುವ ಅಡುಗೆಮನೆಯ ನೀರನ್ನು ಕೂಡ ಅತ್ತಿಗೆ ಕುಡಿಯುವುದಿಲ್ಲ. ಹಾಗೆಂದು ಸಸ್ಯಾಹಾರಿ ಹೋಟೆಲಿಗೆ ಹೋದರೆ ಮಟನ್ ಸಿಗುವುದಿಲ್ಲ. ಕುರಿ ಬೇಯಬೇಕು, ಕೋಳಿ ಬೇಯಬಾರದು, ಅಂಥ ಹೋಟೆಲನ್ನು ಬೆಂಗಳೂರಿನಲ್ಲಿ ಯಾವ ಪುಣ್ಯಾತ್ಮ ಕಟ್ಟಿಸಿರುತ್ತಾನೆ?

ಅವನ ಮಗಳು ಶಿಲ್ಪ ಚಳ್ಳಕೆರೆಯಲ್ಲೇ ಶಾಲೆಯಲ್ಲಿ ಟೀಚರು, ಚುರುಕು ಹುಡುಗಿ. ಫೋನು ಹಿಡಿದು ಕೂತು, ಬುಟೀಕ್ ಹೋಟೆಲುಗಳನ್ನು ನೋಡೋಣ ಅಂದಳು. ನಮ್ಮೂರಲ್ಲಿ ಬುಟೀಕ್ ಎಂದರೆ ರವಿಕೆ ಹೊಲಿಯುವ ಅಂಗಡಿ. ಅವಳು ಬಿಡಿಸಿ ಹೇಳಿದಳು: ಏಳೆಂಟೇ ರೂಮು, ಒಂದೊಂದು ರೂಮಿಗೂ ಒಂದೊಂದು ಅಲಂಕಾರ, ಬಂದವರ ಮಾತನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಇರುತ್ತದೆ. ಮೆಜೆಸ್ಟಿಕ್ಕಿನ ಲಾಡ್ಜು ಬೇಡವೇ ಬೇಡ ಎಂದು ಓಬಳಪ್ಪಣ್ಣ ಮೊದಲೇ ಹೇಳಿಬಿಟ್ಟಿದ್ದ. ಅವುಗಳ ಬೆಡ್‌ಶೀಟಿನ ಬಣ್ಣ ನಮಗಿಬ್ಬರಿಗೂ ಗೊತ್ತು.

ಶಿಲ್ಪ ನಾಲ್ಕು ಹೋಟೆಲು ಆರಿಸಿ ಫೋಟೋ ತೋರಿಸಿದಳು. ಒಂದಕ್ಕಿಂತ ಒಂದು ಚೆಂದ. ಫೋಟೋದಲ್ಲಿ ಯಾವ ಬಸ್ಸೂ ಹಳೆಯದಾಗಿ ಕಾಣುವುದಿಲ್ಲ ಎಂದು ಓಬಳಪ್ಪಣ್ಣ ತಲೆ ಅಲ್ಲಾಡಿಸಿದ. ಹೋಗಿ ಕಣ್ಣಾರೆ ನೋಡಬೇಕೆಂದ. ನನ್ನ ವಾರದ ರಜೆಯ ದಿನ ಇಬ್ಬರೂ ಹೊರಟೆವು. ಅತ್ತಿಗೆಗೆ ಡಿಪೋ ಕೆಲಸ ಎಂದು ಸುಳ್ಳು ಹೇಳಿದ್ದಾಯಿತು. ಅವಳು ನಂಬಿ ರೊಟ್ಟಿ ಕಟ್ಟಿಕೊಟ್ಟಳು.

ಮೊದಲನೇ ಹೋಟೆಲಿನಲ್ಲಿ ಕೋಟು ಹಾಕಿದವನೊಬ್ಬ ತಣ್ಣನೆಯ ಶರಬತ್ತು ಕೊಟ್ಟು ಕೂರಿಸಿದ. ಓಬಳಪ್ಪಣ್ಣ ಅದನ್ನು ಮುಟ್ಟದೆ, ನಿಮ್ಮ ಅಡುಗೆಮನೆಗೆ ಕೋಳಿ ಬರುತ್ತದೋ ಎಂದು ಕೇಳಿದ. ಆ ಮನುಷ್ಯ ಗಾಬರಿಯಾಗಿ, ನಮ್ಮಲ್ಲಿ ಅಂಥ ಪ್ರಾಣಿಗಳೇನೂ ನುಗ್ಗುವುದಿಲ್ಲ ಸರ್, ತುಂಬಾ ಕ್ಲೀನು ಎಂದ. ನಾನು ಮಧ್ಯೆ ಬಾಯಿ ಹಾಕಿ ವಿವರಿಸಿದೆ. ಓಹೋ ಪ್ಯೂರ್ ವೆಜ್ಜಾ ಎಂದ. ಅಲ್ಲಪ್ಪ, ಕುರಿ ಬೇಕು ಎಂದೆವು. ಅವನು ನಮ್ಮಿಬ್ಬರ ಮುಖವನ್ನು ನೋಡಿದ ರೀತಿ ನನಗೆ ಈಗಲೂ ಸಿಟ್ಟು ತರಿಸುತ್ತದೆ. ಎರಡನೆಯದರಲ್ಲಿ ಮಾಳಿಗೆಯ ಮೇಲೆ ಈಜುಕೊಳ ಇತ್ತು, ಆದರೆ ಮೆಟ್ಟಿಲು ಕಡಿದು. ಅತ್ತಿಗೆಗೆ ಮಂಡಿ ನೋವು. ಮೂರನೆಯದರಲ್ಲಿ ಹಾಸಿಗೆಯನ್ನು ಓಬಳಪ್ಪಣ್ಣ ಟಯರು ನೋಡುವಂತೆ ಮುಷ್ಟಿಯಿಂದ ಗುದ್ದಿ ನೋಡಿ ಪಾಸು ಮಾಡಿದ. ಕೆಳಗಿಳಿದರೆ ಅಡುಗೆಮನೆಯಲ್ಲಿ ಕೋಳಿಯದೇ ರಾಜ್ಯಭಾರ. ಬಿಸಿಲು ನೆತ್ತಿಗೇರಿತ್ತು. ವಾಪಸ್ಸು ಹೋಗೋಣ, ಸಸ್ಯಾಹಾರಿಗೇ ಕರೆದುಕೊಂಡು ಹೋಗಿ ದೋಸೆ ಕೊಡಿಸು ಎಂದು ನಾನು ರೇಗಿದೆ. ಅವನು ನಾಲ್ಕನೇ ವಿಳಾಸ ಹುಡುಕುತ್ತ ಮುಂದೆ ನಡೆದ. ಅವನು ಹೀಗೆ ಹೊರಟುಬಿಟ್ಟರೆ ಹಿಂದೆ ಹೋಗದೆ ವಿಧಿಯಿಲ್ಲ.

ನಾಲ್ಕನೆಯದು ಬಸವನಗುಡಿಯ ಹಳೇ ಬಂಗಲೆ. ನೆಲಕ್ಕೆ ಕೆಂಪು ಗಾರೆ, ಒಳಗೆ ಹೊಸ ಥಳುಕು. ಹರ್ಷಿತಾ ಅನ್ನುವ ಹುಡುಗಿ ಅದನ್ನು ನೋಡಿಕೊಳ್ಳುತ್ತಿದ್ದಳು. ಇಪ್ಪತ್ತೆಂಟು ವಯಸ್ಸಿರಬಹುದು. ಓಬಳಪ್ಪಣ್ಣ ಈ ಸಲ ಕೋಳಿಯ ಮಾತು ಎತ್ತಲೇ ಇಲ್ಲ. ಹೆಂಡತಿಯ ಮಾತಿನಿಂದ ಶುರು ಮಾಡಿದ. ಮೂರು ಗಂಟೆಯ ರೊಟ್ಟಿ, ಹಬ್ಬದ ಮೂಳೆ, ಎಲ್ಲ ಹೇಳಿದ. ಕಡೆಗೆ ಹಟ್ಟಿಯ ಪದ್ಧತಿ ಹೇಳಿದ. ಹುಡುಗಿ ಕೆನ್ನೆಗೆ ಕೈಕೊಟ್ಟು ಕೇಳಿದಳು. ನಮ್ಮಲ್ಲಿ ಕೋಳಿ ಮಾಡುತ್ತೇವೆ ಅಂಕಲ್, ಸುಳ್ಳು ಹೇಳುವುದಿಲ್ಲ ಎಂದಳು. ಆದರೆ ಹಿತ್ತಲಿನ ಶೆಡ್ಡಿನಲ್ಲಿ ಹೊಸ ಗ್ಯಾಸ್ ಒಲೆಯೊಂದಿದೆ, ಇನ್ನೂ ಹಚ್ಚಿಲ್ಲ, ಅದರ ಮೇಲೆ ನಿಮ್ಮದೊಂದೇ ಅಡುಗೆ ಮಾಡಿಸುತ್ತೇನೆ, ಪಾತ್ರೆಯದೇ ಯೋಚನೆ ಎಂದಳು.

"ಪಾತ್ರೆ ನಾವೇ ತರ್ತೀವಿ ತಾಯಿ" ಎಂದ ಓಬಳಪ್ಪಣ್ಣ. ಆ ಕ್ಷಣಕ್ಕೆ ಹೋಟೆಲು ಆರಿಸಿ ಆಗಿತ್ತು. ರೂಮು ನೋಡುವುದಕ್ಕೆ ಅವನು ಹೋಗಲೇ ಇಲ್ಲ, ಒಲೆ ನೋಡಿ ಬಂದ.

ಹದಿನೈದು ದಿನ ಬಿಟ್ಟು, ಬೆಂಗಳೂರು ನೋಡಿ ಬರೋಣ ಎಂದಷ್ಟೇ ಅತ್ತಿಗೆಗೆ ಹೇಳಿ, ನಾವು ಮೂವರೂ ಬಸ್ಸು ಹತ್ತಿದೆವು. ಅತ್ತಿಗೆಯ ತೊಡೆಯ ಮೇಲೆ ಬಟ್ಟೆಯ ಬ್ಯಾಗು, ಓಬಳಪ್ಪಣ್ಣನ ಕಾಲ ಬಳಿ ಗೋಣಿಚೀಲ. ಚೀಲದೊಳಗೆ ಹೊಸ ತಪ್ಪಲೆ, ಮುದ್ದೆಯ ಪಾತ್ರೆ, ಸೌಟು, ಎರಡು ತಟ್ಟೆ. ಬಸ್ಸು ಹಂಪು ಹಾರಿದಾಗಲೆಲ್ಲ ಚೀಲ ಗಲಗಲ ಅನ್ನುತ್ತಿತ್ತು. ಏನದು ಎಂದು ಅತ್ತಿಗೆ ಶಿರಾದ ತನಕ ಕೇಳಿದಳು. ಶಿಲ್ಪಳ ಸ್ನೇಹಿತೆಯ ಮದುವೆಗೆ ಉಡುಗೊರೆ ಎಂದು ನಾನು ಬಾಯಿಗೆ ಬಂದದ್ದು ಹೇಳಿದೆ. ಇಷ್ಟು ಸುಳ್ಳು ನಾನು ಚೆಕಿಂಗ್ ಇನ್‌ಸ್ಪೆಕ್ಟರಿಗೂ ಹೇಳಿದವನಲ್ಲ.

ಹೋಟೆಲಿನ ಬಾಗಿಲಲ್ಲಿ ಹರ್ಷಿತಾ ಅತ್ತಿಗೆಗೆ ಮಲ್ಲಿಗೆ ಕೊಟ್ಟು ರೂಮಿಗೆ ಕರೆದುಕೊಂಡು ಹೋದಳು. ಬಾಗಿಲು ತೆಗೆದದ್ದೇ ತಡ, ಓಬಳಪ್ಪಣ್ಣನ ಮುಖ ಬಿಳಿಚಿಕೊಂಡಿತು. ಬಿಳೀ ಹಾಸಿಗೆ, ಹಿತ್ತಾಳೆಯ ದೀಪ, ಗೊಂಡೆ ಕಟ್ಟಿದ ಪರದೆ. ಹಾಸಿಗೆಯ ತಲೆಯ ಮೇಲೆ ಗೋಡೆಯಗಲಕ್ಕೂ ಒಂದು ಚಿತ್ರ. ಕೆಂಪು ಜುಟ್ಟು ನಿಮಿರಿಸಿ, ಎದೆಯುಬ್ಬಿಸಿ ನಿಂತ ಹುಂಜ. ಅಡುಗೆಮನೆಯಲ್ಲಿ ಕೋಳಿ ಹುಡುಕಿಕೊಂಡು ಬೆಂಗಳೂರೆಲ್ಲ ಅಲೆದೆವಲ್ಲ, ಅದು ಮಲಗುವ ಕೋಣೆಯಲ್ಲಿ ಕಾದು ನಿಂತಿತ್ತು. ಹರ್ಷಿತಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳಿಗೂ ಅದು ಹೊಳೆದಿರಲಿಲ್ಲ. ಓಬಳಪ್ಪಣ್ಣ ಮಂಚದ ಪಕ್ಕಕ್ಕೆ ಕುರ್ಚಿ ಎಳೆದು, ಚಿತ್ರ ಕಳಚಲು ಹತ್ತಿಯೇಬಿಟ್ಟ.

ಅತ್ತಿಗೆ ಹುಂಜವನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ಇಳೀರಿ ಕೆಳಗೆ. ನಾವು ಅದನ್ನ ತಿನ್ನಲ್ಲ, ಅದಕ್ಕೇನು ನಮ್ಮ ಮ್ಯಾಲೆ ಸಿಟ್ಟು ಐತಾ? ಇರ್ಲಿ ಬಿಡ್ರಿ, ಚೆಂದಾಗೈತೆ" ಎಂದಳು. ಹರ್ಷಿತಾ ನಕ್ಕ ನಗುವಿಗೆ ಪಕ್ಕದ ರೂಮಿನವರು ಇಣುಕಿ ನೋಡಿದರು. ನನಗಂತೂ ಹೋದ ಜೀವ ಬಂದಂತಾಯಿತು. ರಾತ್ರಿಗೆ ಅತ್ತಿಗೆ ಕಟ್ಟಿಕೊಂಡು ಬಂದ ರೊಟ್ಟಿ ಇತ್ತು, ಅವರಿಬ್ಬರನ್ನೂ ಅಲ್ಲಿ ಬಿಟ್ಟು ನಾನು ನನ್ನ ನಾದಿನಿಯ ಮನೆಗೆ ಹೋಗಿ ಮಲಗಿದೆ.

ಮರುದಿನ ಮಧ್ಯಾಹ್ನಕ್ಕೆ ಊಟ. ಅತ್ತಿಗೆಗೆ ಪೂರಾ ವಿಷಯ ತಿಳಿಸಿದ್ದು ಆವತ್ತು ಬೆಳಗ್ಗೆಯೇ. ಒಲೆ ಕಾಯಲು ಓಬಳಪ್ಪಣ್ಣ ನನ್ನನ್ನು ನೇಮಿಸಿದ್ದ. ಬೆಳಗ್ಗೆ ಹತ್ತಕ್ಕೇ ಹೋಗಿ ಹಿತ್ತಲಿನ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಅಡುಗೆಯವನು ವಿಶ್ವನಾಥ್, ಮೂಗಿನ ತುದಿಯಲ್ಲೇ ಕೋಪ. ನಾನು ಅವನ ಸೌಟನ್ನು, ಕೈಯನ್ನು, ಪಕ್ಕದ ಬಾಗಿಲನ್ನು ನೋಡುವುದು, ಅವನು ನನ್ನನ್ನು ದುರುಗುಟ್ಟುವುದು, ಹೀಗೆ ಎರಡು ತಾಸು. ಮಸಾಲೆ ಕುದಿಯುವ ಹೊತ್ತಿಗೆ ಅವನೇ ಮೆತ್ತಗಾಗಿ, ಯಾರ ಸಲುವಾಗಿ ಇಷ್ಟೆಲ್ಲ ಎಂದು ಕೇಳಿದ. ಹೇಳಿದೆ. ಆಮೇಲೆ ಅವನು ಇನ್ನೊಂದು ಹಿಡಿ ಕೊತ್ತಂಬರಿ ಹೆಚ್ಚಿದ.

ಒಂದು ಗಂಟೆಗೆ ಹಿತ್ತಲ ವರಾಂಡದಲ್ಲಿ ಮೇಜು ಹಾಕಿದರು. ಎದುರುಬದುರು ಎರಡು ಕುರ್ಚಿ, ನಾವು ತಂದ ಎರಡು ತಟ್ಟೆ, ಎರಡರಲ್ಲೂ ಮುದ್ದೆ, ನಡುವೆ ತಪ್ಪಲೆ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಓಬಳಪ್ಪಣ್ಣ ಕೂತ. ಅತ್ತಿಗೆ ಕೂರಲಿಲ್ಲ. ಅವಳ ಕೈ ತಾನಾಗಿಯೇ ಸೌಟಿಗೆ ಹೋಗಿತ್ತು.

"ನೀವು ಉಣ್ರಿ ಮೊದ್ಲು. ಆಮ್ಯಾಲೆ ನಂದು ಇದ್ದೇ ಐತಲ್ಲ" ಎಂದಳು.

ಒಲೆ ಹುಡುಕಿದೆವು, ಪಾತ್ರೆ ಹೊತ್ತೆವು, ಈ ಮಾತೊಂದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಂಗಳೂರಿಗೆ ಬಂದರೂ ಅವಳು ಕಡೆಗೇ ಉಣ್ಣುವವಳು. ಓಬಳಪ್ಪಣ್ಣ ತಟ್ಟೆ ಸರಿಸಿದ. ಎದ್ದ. ಅವಳ ಕೈಯಿಂದ ಸೌಟು ಬಿಡಿಸಿಕೊಂಡು, ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದ.

"ಮೂವತ್ನಾಕು ವರ್ಸ ನೀನು ನಿಂತ್ಕಂಡೆ. ಇವತ್ತು ನಾನು ನಿಂತ್ಕಂತೀನಿ. ಉಣ್ಣು."

ಬಡಿಸಲು ಅವನಿಗೆ ಬರುವುದಿಲ್ಲ. ಸಾರು ಅರ್ಧ ತಟ್ಟೆಗೆ, ಅರ್ಧ ಮೇಜಿಗೆ. ಆದರೂ ಒಳ್ಳೊಳ್ಳೆಯ ತುಂಡುಗಳನ್ನೇ ಹುಡುಕಿ ಹುಡುಕಿ ಹಾಕಿದ. ಅತ್ತಿಗೆ ತಲೆ ತಗ್ಗಿಸಿ ಕೂತಿದ್ದಳು. ಕಣ್ಣು ತುಂಬಿದ್ದು ನನಗೆ ಕಂಡಿತು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ತುತ್ತು ನುಂಗಿದಳು. ವಿಶ್ವನಾಥ್ ನನ್ನ ಹಿಂದೆ ಬಂದು ನಿಂತಿದ್ದ, ಹರ್ಷಿತಾ ಕಂಬದ ಹತ್ತಿರ. ಹೇಗಿದೆ ಎಂದು ಕೇಳಲು ಯಾರಿಗೂ ಧೈರ್ಯವಿಲ್ಲ. ಓಬಳಪ್ಪಣ್ಣ ಸೌಟು ಹಿಡಿದು ನಿಂತೇ ಇದ್ದ. ಅರ್ಧ ಮುದ್ದೆ ಮುಗಿದ ಮೇಲೆ ಅತ್ತಿಗೆ ಕುರ್ಚಿಗೆ ಒರಗಿ ಕೂತು, ಗಂಡನ ಮುಖ ನೋಡಿದಳು.

"ಉಪ್ಪು ಸ್ವಲ್ಪ ಕಮ್ಮಿ ಐತೆ" ಎಂದಳು.

ಈ ಮಾತನ್ನು ಆಕೆ ಮದುವೆಯಾದಾಗಿನಿಂದ ಸೌಟು ಹಿಡಿದು ನಿಂತು ಕೇಳಿಸಿಕೊಂಡಿರಬಹುದು, ಕೂತು ಹೇಳಿದ್ದು ಅದೇ ಮೊದಲು. ಓಬಳಪ್ಪಣ್ಣ ನನ್ನನ್ನು ಪಕ್ಕಕ್ಕೆ ತಳ್ಳಿ ಉಪ್ಪು ತರಲು ಓಡಿದ.