ಶಾವಿಗೆ ಒಣಗುವ ದಿನ

ಮೊನ್ನೆ ಹೆಂಡತಿ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದಳು. ಆ ಘಮ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಖಾಲಾ ನೆನಪಾದರು. ಖಾಲಾ ಎಂದರೆ ಚಿಕ್ಕಮ್ಮ; ನಮ್ಮ ಓಣಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ.

ರಂಜಾನ್ ಹತ್ತಿರ ಬಂತೆಂದರೆ ಖಾಲಾರ ಮಾಳಿಗೆಯ ಮೇಲೆ ಬಿದಿರು ಗಳಗಳು, ಗಳಗಳ ತುಂಬ ಶಾವಿಗೆ. ಕುಷ್ಟಗಿಯಿಂದಲೂ ಗಿರಾಕಿಗಳು ಬರುತ್ತಿದ್ದರು. ಮನೆ ನಡೆಯುತ್ತಿದ್ದುದೇ ಅದರಿಂದ. ಊರಾಚೆ ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಎಳೆಗಳ ಮೇಲೆ ಕರಿಧೂಳು ಕೂರತೊಡಗಿತು. ನಾನು ಅದೇ ಕಾರ್ಖಾನೆಯ ಪರಿಸರ ವಿಭಾಗದಲ್ಲಿದ್ದೆ, ಈಗಲೂ ಇದ್ದೇನೆ. ಚಿಮಣಿಯ ಹೊಗೆ ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಧೂಳು ಹಿಡಿಯುವ ಯಂತ್ರವೇನೋ ಇತ್ತು. ಕರೆಂಟು ಬಹಳ ತಿನ್ನುತ್ತದೆಂದು ತಪಾಸಣೆಯವರು ಬರುವ ದಿನವಷ್ಟೇ ಅದನ್ನು ನಡೆಸುತ್ತಿದ್ದರು.

ಕಪ್ಪಾದ ಶಾವಿಗೆಯನ್ನು ಖಾಲಾ ಎಮ್ಮೆಗೆ ಹಾಕುವುದನ್ನು ಒಮ್ಮೆ ನೋಡಿ ತಡೆಯಲಾಗಲಿಲ್ಲ.

“ಖಾಲಾ, ನಾಳಿ ಒಣಹಾಕ್ರಿ. ನಾಳಿ ಧೂಳು ಬರಂಗಿಲ್ಲ,” ಎಂದು ಗೋಡೆಯ ಮೇಲಿಂದ ಪಿಸುಗುಟ್ಟಿದೆ.

ಮರುದಿನ ಶಾವಿಗೆ ಬೆಳ್ಳಗೆ ಒಣಗಿತು. ಆಮೇಲೆ ಅದೇ ರೂಢಿಯಾಯಿತು. ತಪಾಸಣೆಯ ಸುದ್ದಿ ಮೇಲಿನವರಿಂದ ನನಗೆ, ನನ್ನಿಂದ ಖಾಲಾರಿಗೆ. ಹಬ್ಬಕ್ಕೆ ನನಗೊಂದು ಡಬ್ಬಿ ಶಾವಿಗೆ ಬರುತ್ತಿತ್ತು. ದೊಡ್ಡ ಉಪಕಾರ ಮಾಡಿದೆನೆಂದು ಬೀಗುತ್ತಿದ್ದೆ... ಎಂಥ ಪುಣ್ಯವಂತ ನಾನು!

ಒಂದು ವರ್ಷ ರಂಜಾನಿನ ತಿಂಗಳು ತಪಾಸಣೆಯೇ ಇರಲಿಲ್ಲ. ಖಾಲಾ ಗೋಡೆಯ ಬಳಿ ಬಂದು ಯಾವ ದಿನ ಒಣಹಾಕಲಿ ಎಂದು ಕೇಳಿದರು.

“ಈ ಸಲ ಯಾರೂ ಬರಂಗಿಲ್ರಿ. ಮಷೀನ್ ಹಚ್ಚಂಗಿಲ್ಲ,” ಎಂದುಬಿಟ್ಟೆ.

“ಅಂದ್ರ... ಮಷೀನ್ ಐತಿ?”

ಒಳಗೆ ಅವರ ಮೊಮ್ಮಗಳು ಎಡೆಬಿಡದೆ ಕೆಮ್ಮುತ್ತಿದ್ದಳು. ಖಾಲಾ ಅತ್ತ ತಿರುಗಿ, ಮತ್ತೆ ನನ್ನನ್ನು ನೋಡಿದರು.

“ಶಾವಿಗಿಗೆ ತಾರೀಖು ಹೇಳ್ದಿ ಬೇಟಾ, ಭಾಳ ಛಲೋ ಆತು. ಈ ಹುಡುಗಿ ಯಾವ ತಾರೀಖಿಗೆ ಉಸಿರಾಡಬೇಕು?”

ಮರುದಿನ ಪುಸ್ತಕದಲ್ಲಿ ಎಂದಿನಂತೆ ‘ಮಿತಿಯೊಳಗಿದೆ’ ಎಂದೇ ಬರೆದೆ. ಆ ವರ್ಷ ಡಬ್ಬಿ ಬರಲಿಲ್ಲ. ಹಬ್ಬ ಮುಗಿಯುತ್ತಲೇ ಖಾಲಾ ಮೊಮ್ಮಗಳನ್ನು ಕರೆದುಕೊಂಡು ಯಲಬುರ್ಗಾದ ತಮ್ಮನ ಮನೆಗೆ ಹೊರಟುಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರಂತೆ... ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಕಾರ್ಖಾನೆಗೆ ಈಗ ಹಸಿರು ಪ್ರಶಸ್ತಿ ಬಂದಿದೆ. ಫೋಟೊದಲ್ಲಿ ಫಲಕದ ಒಂದು ತುದಿ ಹಿಡಿದು ನಾನೂ ನಗುತ್ತಿದ್ದೇನೆ.

ಮೊನ್ನೆ ಶಾವಿಗೆ ತಟ್ಟೆಗೆ ಬರುವಷ್ಟರಲ್ಲಿ ಫೋನಿಗೆ ಸಂದೇಶ ಬಂತು, ಗುರುವಾರ ತಪಾಸಣೆ. ಎದ್ದವನು ಹಿತ್ತಲ ಗೋಡೆಯವರೆಗೂ ಹೋಗಿಬಿಟ್ಟೆ. ಆಚೆಯ ಮಾಳಿಗೆಯ ಮೇಲೆ ಖಾಲಿ ಗಳಗಳಷ್ಟೇ ಇದ್ದವು. ಗುರುವಾರ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.