ಹಿಪ್ಪುನೇರಳೆ ಕಡ್ಡಿಯ ಬಿರಡೆ

ಕಳೆದ ತಿಂಗಳು, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಪದಕಗಳನ್ನಿಟ್ಟಿದ್ದ ತಗಡಿನ ಡಬ್ಬಿ ತೆರೆದಾಗ ಅವುಗಳ ಅಡಿಯಲ್ಲಿ ಒಂದು ಕಡ್ಡಿ ಸಿಕ್ಕಿತು. ಕಿರುಬೆರಳಿನ ಅರ್ಧದಷ್ಟು ಉದ್ದದ ಹಿಪ್ಪುನೇರಳೆ ಕಡ್ಡಿ; ಒಂದು ತುದಿಯನ್ನು ಹೆರೆದು ಬಿರಡೆಯಂತೆ ಮಾಡಿದ್ದು. ಮೂಗಿನ ಬಳಿ ಹಿಡಿದೆ. ಇಂಜಿನ್ ಎಣ್ಣೆಯ ಕಮಟು ಇನ್ನೂ ಅದರಲ್ಲಿ ಉಳಿದಿತ್ತು...

ಆ ವಾಸನೆಯ ಹಿಂದೆಯೇ ಮೇಸ್ತ್ರಿ ನೆನಪಿಗೆ ಬಂದರು. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಶಿಡ್ಲಘಟ್ಟದಲ್ಲಿ ಹುಣಸೆ ಮರದ ಕೆಳಗೆ ಅವರ ಗಾಡಿ ರಿಪೇರಿಯ ಶೆಡ್ಡು. ಸಾದಲಿ ಕಡೆಯ ರೇಷ್ಮೆ ಬೆಳೆಗಾರರು ಕಟ್ಟಿಕೊಂಡಿದ್ದ ನಮ್ಮ ಸಂಘಕ್ಕೆ, ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಪೆಟ್ರೋಲ್ ಲಾರಿಯೊಂದಿತ್ತು. ಗೂಡುಗಳನ್ನು ಮಾರುಕಟ್ಟೆಗೆ ಮುಟ್ಟಿಸುತ್ತಿದ್ದುದು ಅದೇ. ಅದನ್ನು ಹದದಲ್ಲಿಟ್ಟವರು ಮೇಸ್ತ್ರಿ. ನಾನು ಆಗತಾನೆ ಪದವಿ ಮುಗಿಸಿ ಸಂಘದ ಕಾರ್ಯದರ್ಶಿಯಾಗಿದ್ದೆ. ಮೂಢನಂಬಿಕೆಯನ್ನು ತಾಲ್ಲೂಕಿನಿಂದಲೇ ಓಡಿಸುವ ಹಠ ನನ್ನದು. ಯಾವ ಸಭೆಯಲ್ಲೂ ಸೋಲದ ನಾಲಿಗೆ ಬೇರೆ.

ಇಂಜಿನ್ನಿನೊಳಗೆ ಕಿಡಿ ಯಾವ ಕ್ಷಣದಲ್ಲಿ ಹಾರಬೇಕೆಂದು ಕೂರಿಸುವುದೇ ಟೈಮಿಂಗ್. ಮೇಸ್ತ್ರಿ ಮೊದಲು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಬರುವ, ಗಾಳಿ ಹೀರುವ ತೆಳುವಾದ ವ್ಯಾಕ್ಯೂಮ್ ಪೈಪನ್ನು ಕಳಚಿ, ಅದರ ಬಾಯಿಗೆ ಕಡ್ಡಿ ಸಿಕ್ಕಿಸುತ್ತಿದ್ದರು. ಬಳಿಕ ಕಣ್ಣು ಮುಚ್ಚಿ, ಸದ್ದಿಗೆ ಕಿವಿಗೊಟ್ಟು, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದರು. ಮುಗಿದ ಮೇಲೆ ಕಡ್ಡಿ ತೆಗೆದು ಪೈಪನ್ನು ಮತ್ತೆ ಜೋಡಿಸುತ್ತಿದ್ದರು. ಕಡ್ಡಿ ಕಳೆಯದಿರಲೆಂದು ರೇಷ್ಮೆ ದಾರದಿಂದ ಅದನ್ನು ಪೈಪಿಗೇ ಕಟ್ಟಿಟ್ಟಿದ್ದರು.

ನನಗೆ ಕಂಡದ್ದು ಆ ದಾರ ಮಾತ್ರ. “ಇಂಜಿನ್ನಿಗೂ ತಾಯತ ಕಟ್ಟುವ ಜನ ನಾವು,” ಎಂದು ಸಂಘದ ಸಭೆಯಲ್ಲಿ ಭಾಷಣ ಮಾಡಿದೆ. ಜನ ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಮೇಸ್ತ್ರಿಯೂ ನಕ್ಕರು.

“ತಾಯತ ಅಲ್ಲ ಕಣಪ್ಪ ಅದು, ಬಿರಡೆ. ಶೆಡ್ಡಿಗೆ ಬಾ, ತೋರಿಸ್ತೀನಿ.”

ನಾನು ಹೋಗಲಿಲ್ಲ. ಬೆಂಗಳೂರಿನಿಂದ, ಕಿಡಿ ಹಾರುವ ಕ್ಷಣಕ್ಕೆ ಮಿನುಗುವ ಟೈಮಿಂಗ್ ಲೈಟ್ ತರಿಸಿದೆ, ಇಂಜಿನ್ನಿನ ಪುಸ್ತಕ ತೆರೆದಿಟ್ಟೆ, ದಾರ ಹರಿದು ಕಡ್ಡಿಯನ್ನು ಎಸೆದೆ. ಪೈಪನ್ನು ಕಳಚದೆಯೇ, ಆ ಬೆಳಕು ಬಿಟ್ಟು, ಇಂಜಿನ್ನಿನ ಮೇಲಿನ ಗುರುತಿಗೆ ಗುರುತು ಕೂಡಿಸಿದೆ. ವಿಜ್ಞಾನ ಗೆದ್ದಿತೆಂದು ನಂಬಿದೆ.

ಮುಂದಿನ ವಾರವೇ ಗೂಡು ಹೇರಿದ ಲಾರಿ ದಿಬ್ಬೂರಹಳ್ಳಿ ಸಮೀಪದ ಏರಿನಲ್ಲಿ ಎಳೆಯಲಾರದೆ ನಿಂತಿತು. ರೇಡಿಯೇಟರ್ ಕುದಿಯುತ್ತಿತ್ತು. ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು. ಗೂಡುಗಳು ಬಿಸಿಲಿಗೆ ಬೆವೆತು ಕೆಟ್ಟಿದ್ದವು. ಸಂಘದ ಅಧ್ಯಕ್ಷರು ಮೇಸ್ತ್ರಿಯನ್ನು ಕರೆಸಿದರು. ಬೆಳೆಗಾರರೆಲ್ಲ ಸುತ್ತ ನಿಂತಿದ್ದರು. ಮೇಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿ ನೋಡಿ, ನನ್ನತ್ತ ತಿರುಗಿದರು.

“ಕಡ್ಡಿ ಎಲ್ಲಪ್ಪ?”

“ಕಡ್ಡೀಲಿ ಲಾರಿ ಓಡೋ ಹಾಗಿದ್ರೆ ಪೆಟ್ರೋಲ್ ಯಾಕೆ ಹಾಕ್ಸೋದು ಮೇಸ್ತ್ರಿ?”

ನಗು ಎದ್ದಿತು. ಆ ನಗುವಿನ ಮೇಲೆಯೇ ನಾನು ವಾದ ಕಟ್ಟಿದೆ. ಇಷ್ಟು ವರ್ಷ ಅಂದಾಜಿನ ಮೇಲೆ ನಡೆಸಿದ ಕೈಯೇ ಇಂಜಿನ್ನನ್ನು ಒಳಗೊಳಗೆ ಸವೆಸಿದೆ ಎಂದೆ. ಅವರು ಒಂದೆರಡು ಸಲ ಬಾಯಿ ತೆರೆದರು. ನನ್ನ ವಾಕ್ಯಗಳು ಎಡೆಗೊಡಲಿಲ್ಲ.

“ಓದ್ದೋನು ಹೇಳ್ತಾವ್ನೆ,” ಎಂದರು ಅಧ್ಯಕ್ಷರು. “ಇನ್ಮೇಲೆ ಲಾರಿ ನಿಮ್ಮ ಶೆಡ್ಡಿಗೆ ಬ್ಯಾಡ ಬಿಡಿ ಮೇಸ್ತ್ರಿ.”

ಮೇಸ್ತ್ರಿ ಕೈ ಒರೆಸಿಕೊಂಡರು. “ಹಂಗೇ ಆಗ್ಲಿ. ಏರಲ್ಲಿ ಮಾತ್ರ ಎಕ್ಸಲೇಟರ್ ಒತ್ತಬೇಡಿ, ಇಂಜಿನ್ ಸುಟ್ಟೋಗ್ತದೆ,” ಎಂದಷ್ಟೇ ಹೇಳಿ ಹೊರಟುಹೋದರು. ಮಾತು ಹರಡಿತು. ಬೇರೆ ಗಾಡಿಯವರೂ ಆ ಹುಣಸೆ ಮರದ ಕೆಳಗೆ ನಿಲ್ಲಿಸುವುದನ್ನು ಕಡಿಮೆ ಮಾಡಿದರು.

ಅದಾದ ಕೆಲವೇ ದಿನಕ್ಕೆ ಅದೇ ಪುಸ್ತಕದ ಅದೇ ಪುಟದಲ್ಲಿ ನಾನು ಓದದೆ ಬಿಟ್ಟಿದ್ದ ಸಾಲು ಕಣ್ಣಿಗೆ ಬಿತ್ತು: ಮೊದಲು ವ್ಯಾಕ್ಯೂಮ್ ಪೈಪನ್ನು ಕಳಚಿ, ಅದರ ಬಾಯಿ ಮುಚ್ಚಬೇಕು. ಪೈಪು ಇದ್ದಂತೆಯೇ ಗುರುತು ಕೂರಿಸಿದರೆ, ಭಾರ ಎಳೆಯುವಾಗ ಕಿಡಿ ತಡವಾಗಿ ಹಾರಿ ಇಂಜಿನ್ ಸೊರಗುತ್ತದೆ, ಕುದಿಯುತ್ತದೆ. ಪುಸ್ತಕವೂ ಕಡ್ಡಿಯೂ ಒಂದೇ ಮಾತು ಹೇಳುತ್ತಿದ್ದವು.

ಯಾರೂ ಇಲ್ಲದಾಗ ತೋಟದಿಂದ ಕಡ್ಡಿ ಮುರಿದು ತಂದು ನಾನೇ ಬಿರಡೆ ಹೆರೆದೆ; ಪೈಪಿನ ಬಾಯಿ ಮುಚ್ಚಿ ಟೈಮಿಂಗ್ ಮತ್ತೆ ಕೂರಿಸಿ, ಕಡ್ಡಿಯನ್ನು ಪದಕಗಳ ಅಡಿಯಲ್ಲಿ ಬಚ್ಚಿಟ್ಟೆ. ಲಾರಿ ಏರು ಹತ್ತಿತು. ಸಂಘದವರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಒಮ್ಮೆ ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಮೇಸ್ತ್ರಿ ಎದುರಾದರು.

“ಗಾಡಿ ಏರು ಎಳೀತದೇನಪ್ಪ?”

“ಎಳೀತದೆ.”

“ಏನ್ ಮಾಡ್ದೆ?”

“ಪುಸ್ತಕದಲ್ಲಿದ್ದ ಹಾಗೆ ಮಾಡ್ದೆ.”

ಅವರು ನನ್ನ ಮುಖವನ್ನು ನೋಡಿದರು. ಇಂಜಿನ್ನಿನ ಸದ್ದಿಗೆ ಕಿವಿಗೊಡುವಾಗ ಇರುತ್ತಿದ್ದ ಅದೇ ಗಮನ... “ಒಳ್ಳೇದಾಯ್ತು ಬಿಡು,” ಎಂದು ಬಸ್ಸು ಹತ್ತಿದರು. ನನ್ನ ಉತ್ತರದಲ್ಲಿ ಒಂದು ಸುಳ್ಳೂ ಇರಲಿಲ್ಲ, ಕಡ್ಡಿಯ ಮಾತೂ ಇರಲಿಲ್ಲ. ಇಂದಿಗೂ ನನ್ನನ್ನು ಸುಡುವುದು ಅದೇ.

ಕಡ್ಡಿ ಸಿಕ್ಕ ಮರುದಿನ ಶಿಡ್ಲಘಟ್ಟಕ್ಕೆ ಹೋದೆ. ಹುಣಸೆ ಮರವಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. “ಅವ್ರು ತೀರ್ಕೊಂಡು ಬಾಳ ವರ್ಷ ಆಯ್ತಲ್ಲ ಸಾರ್,” ಎಂದರು ಪಕ್ಕದ ಟೀ ಅಂಗಡಿಯವರು.

ಅದೇ ವಾರ ಮುದ್ದೇನಹಳ್ಳಿ ಕಡೆಯ ಕಾಲೇಜೊಂದರಲ್ಲಿ ವೈಜ್ಞಾನಿಕ ಮನೋಭಾವದ ಮೇಲೆ ನನ್ನ ಉಪನ್ಯಾಸವಿತ್ತು. ಬರೆದುಕೊಂಡು ಹೋದದ್ದನ್ನು ಬದಿಗಿಟ್ಟು, ಕಡ್ಡಿಯನ್ನು ಎತ್ತಿ ತೋರಿಸಿ ಇದೆಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಮೇಸ್ತ್ರಿಯದಲ್ಲ ಎಂದೆ. ಅಂದು ಬೆಳೆಗಾರರ ನಡುವೆ ಹೇಳಬೇಕಿದ್ದ ವಾಕ್ಯವದು. ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮಾತನ್ನು ಕೇಳಬೇಕಾಗಿದ್ದವರು ಅಲ್ಲಿರಲಿಲ್ಲ. ಮೇಸ್ತ್ರಿಯ ಹೆಸರು ಕೆಡಿಸಿ ಒಮ್ಮೆ ಗೆದ್ದವನು, ಅದನ್ನು ಒಪ್ಪಿಕೊಂಡು ಮತ್ತೊಮ್ಮೆ ಗೆದ್ದು ನಿಂತಿದ್ದೆ.