ತೋಡು ತಿರುಗಿದ ವರ್ಷ

ಆಗ ನಾನು ರಂಗೂನಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಕಾವೂರಿನ ನಮ್ಮ ತುಂಡು ಗದ್ದೆಯನ್ನು ಅಕ್ಕ ನೋಡಿಕೊಳ್ಳುತ್ತಿದ್ದಳು. ಆದರೂ ಯಜಮಾನಿಕೆ ನನ್ನದೇ ಎಂದು ತಿಳಿದಿದ್ದೆ. ಮಳೆ ಬಿಟ್ಟು ಚಳಿ ಹತ್ತಿರವಾದರೆ ಸುಗ್ಗಿ ಬೆಳೆಯ ನೀರಿಗಾಗಿ ಗದ್ದೆಯ ಪಕ್ಕ ಹರಿಯುವ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟ ಹಾಕಬೇಕು. ಅದನ್ನು ಹಲಸಿನ ಮರದ ಬುಡದಲ್ಲೇ ಹಾಕಬೇಕೆಂದು ಎರಡು ಪುಟ ಅಪ್ಪಣೆ ಬರೆದು ಹಡಗಿನ ಟಪಾಲಿಗೆ ಹಾಕಿದೆ.

ತಿಂಗಳ ನಂತರ ಅಕ್ಕನ ಉತ್ತರ ಬಂತು. "ತಮ್ಮಾ, ಆ ಹಲಸಿನ ಮರ ಆಟಿ ತಿಂಗಳ ಮಳೆಗೆ ಬಿದ್ದು ತೋಡೇ ಆಚೆ ತಿರುಗಿದೆ. ನಾನು ಕೆಳಗೆ ಕಟ್ಟ ಹಾಕಿಸಿ ಆಯಿತು. ಗದ್ದೆಯಲ್ಲಿ ನೀರು ಉಂಟು. ಅಲ್ಲಿ ಕೂತವನಿಗೆ ಎಂತ ಕಾಣ್ತದೆ?"

ನನ್ನನ್ನು ಕೇಳದೆ! ಸಿಟ್ಟಿನಲ್ಲಿ ಒಂದು ಉತ್ತರ ಬರೆದು ಹರಿದು ಹಾಕಿದೆ. ಆಮೇಲೆ ನಾಚಿಕೆಯಾಗಿ, ತೋಡು ಈಗ ಎಲ್ಲಿ ಹರಿಯುತ್ತದೆ ಎಂದಷ್ಟೇ ಕೇಳಿದೆ.

ಅಕ್ಕ ಪೆನ್ಸಿಲಿನಲ್ಲಿ ನಕ್ಷೆ ಬರೆದು ಕಳಿಸಿದಳು. ಅದನ್ನು ಹಿಡಿದುಕೊಂಡೇ ನಾನು ಗಿರಣಿಯ ದೊರೆಯ ಬಳಿ ರಜೆ ಕೇಳಲು ಹೋದೆ. ಹೊಸ ಕಟ್ಟದ ಪಕ್ಕದಲ್ಲಿ ಒಂದು ಚೌಕ ಎಳೆದು ಅವಳು ಬರೆದಿದ್ದಳು: "ಇಲ್ಲಿ ಸೌತೆ ಹಾಕಿದ್ದೇನೆ. ತಿನ್ನಲಿಕ್ಕೆ ಜನ ಬೇಕು, ಹೇಳಲಿಕ್ಕೆ ಅಲ್ಲ."